ಡಾಕ್ಟರ್ ಬಾಯಿಯ ಹಸಿರು ಬಳೆಗಳು

ಅವರ ಹಸಿರು ಗಾಜಿನ ಬಳೆಗಳು ಕೈಗಿಂತ ಒಂದು ಅಳತೆ ದೊಡ್ಡವು. ಕೈ ಎತ್ತಿದರೆ ಗಲಗಲ ಎಂದು ಮೊಣಕೈವರೆಗೂ ಜಾರುತ್ತಿದ್ದವು. ಆಪರೇಷನ್ನಿಗೆ ಮುಂಚೆ ಬೇಗ ಕಳಚಲು ಬರಲೆಂದೇ ಅಂಥವನ್ನು ತೊಡುತ್ತಿದ್ದರು. ಕಳಚಿದ್ದನ್ನು ರೋಗಿಯ ಮನೆಯ ಹೆಂಗಸಿನ ಕೈಗೆ ಕೊಟ್ಟು ಒಳಗೆ ಹೋಗುವುದು ಅವರ ರೂಢಿ. ಅಥಣಿ ಕಡೆ ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಡಾಕ್ಟರ್ ಬಾಯಿ ಎಂದೇ. ಮುತ್ತೈದೆ ಹೀಗೆ ಬಳೆ ತೆಗೆಯಬಾರದು ಎಂದು ಗೊಣಗುವವರಿಗೆ ಕಡಿಮೆ ಇರಲಿಲ್ಲ. ಬಾಯಿ ಕ್ಯಾರೇ ಅನ್ನುತ್ತಿರಲಿಲ್ಲ.

ನಾನು ಉಗಾರದ ಹತ್ತಿರದ ಶಾಲೆಯಲ್ಲಿ ಮಾಸ್ತರ. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ನನ್ನ ಬೈಕು ಕಬ್ಬಿನ ಟ್ರೇಲರಿಗೆ ಗುದ್ದಿ, ಹ್ಯಾಂಡಲ್ ಹೊಟ್ಟೆಗೆ ಬಡಿಯಿತು. ರಕ್ತವಿಲ್ಲ, ಒಂದು ದುಂಡನೆಯ ಕಲೆ ಅಷ್ಟೇ. ಒಳಪೆಟ್ಟು ಎಂದು ಮನೆಯಲ್ಲಿ ಅರಿಶಿನ ಹಚ್ಚಿ ಶಾಖ ಕೊಟ್ಟರು. ಮರುದಿನ ಹೊಟ್ಟೆ ಹಲಗೆಯಂತೆ ಬಿಗಿಯಿತು, ಜ್ವರ ಏರಿತು. ಅಥಣಿಗೆ ಒಯ್ದರು.

ಮುಂದಿನದು ಹೆಂಡತಿ ಹೇಳಿದ್ದು. ಸ್ಕ್ಯಾನ್ ನೋಡಿದ ಬಾಯಿ ಅವಳಿಗೂ ನನ್ನ ಅಣ್ಣನಿಗೂ ಬಿಡಿಸಿ ಹೇಳಿದರಂತೆ: “ದೊಡ್ಡ ಕರುಳು ಹರದೈತ್ರಿ. ಹೊಟ್ಟಿ ತಗದ ಮ್ಯಾಲ ಖರೇ ಗೊತ್ತಾಗೂದು. ಸಣ್ಣ ತೂತಿದ್ರ ಹೊಲಿತೀನಿ. ಕೆಟ್ಟಿದ್ರ ಅಷ್ಟ ಕತ್ತರಿಸಿ ಕೂಡಸ್ತೀನಿ. ಒಳಗ ಹೊಲಸ ಭಾಳ ಆಗಿ, ಬಿಪಿ ಹಿಂಗ ಇಳದಿದ್ರ ಇವತ್ತ ಕೂಡಸಿದ್ದು ಹಿಡಿಯಂಗಿಲ್ಲ. ಕರುಳಿನ ತುದಿ ಹೊರಗ ತಂದು, ಸಂಡಾಸ ಬೀಳಾಕ ಹೊಟ್ಟಿ ಮ್ಯಾಲ ಚೀಲಾ ಹಚ್ಚತೀನಿ. ಆರಾಮಾದ ಮ್ಯಾಲ ಮತ್ತ ಒಳಗ ಕೂಡಸೂಣು.”

“ಚೀಲಾ ಬ್ಯಾಡ್ರಿ ಬಾಯಾರ. ನಾಕ ಮಂದ್ಯಾಗ ಹೆಂಗ ಕುಂಡ್ರತಾನ?” ಎಂದ ಅಣ್ಣ.

“ಕುಂಡ್ರಾಕ ಮೊದಲ ಜೀವಂತ ಇರಬೇಕಲ್ರಿ!”

ಬಳೆ ಕಳಚಿ ನನ್ನ ಹೆಂಡತಿಯ ಕೈಗಿಟ್ಟರು. ಅವಳು ಹೆದರಿ ಅತ್ತೇಬಿಟ್ಟಳು.

“ಅಳಬ್ಯಾಡವಾ. ನಾ ನನ್ನವು ತಗದ್ರನ ನಿನ್ನವು ಉಳಿತಾವ. ಇಸ್ಕೊಳ್ಳಾಕ ನಾನ ಬರ್ತೀನಿ.”

ಬಂದು ಇಸಿದುಕೊಂಡರು. ಚೀಲ ಬಂದಿತ್ತು, ಜೀವ ಉಳಿದಿತ್ತು.

ನಾನೋ ನಾಚಿಕೆಯಿಂದ ಮದುವೆ ಊಟ ಬಿಟ್ಟೆ, ಶಾಲೆಯನ್ನೂ ಬಿಡುವ ಮಾತಾಡಿದೆ. ಬಾಯಿ ಕೆಂಡವಾದರು. “ಮೂಲ್ಯಾಗ ಕುಂಡ್ರಾಕ ಉಳಿಸೀನೇನ್ರಿ ಮಾಸ್ತರ? ನಾಳೆ ಶಾಲಿಗೆ ನಡೀರಿ. ಯಾರರ ಏನರ ಅಂದ್ರ ನನ್ನ ಕಡೆ ಕಳಸ್ರಿ!” ಹೋದೆ. ಅಂಗಿಯೊಳಗೆ ಚೀಲ ಇಟ್ಟುಕೊಂಡೇ ಪಾಠ ಮಾಡಿದೆ. ಯಾರನ್ನೂ ಕಳಿಸುವ ಪ್ರಸಂಗ ಬರಲಿಲ್ಲ. ಕೆಲವು ತಿಂಗಳ ಬಳಿಕ ಕರುಳು ಕೂಡಿಸಿದ ದಿನವೂ ಆ ಬಳೆಗಳು ನನ್ನ ಹೆಂಡತಿಯ ಕೈಯಲ್ಲೇ ಇದ್ದವು. ಆ ಸಲ ಅವಳು ಅಳಲಿಲ್ಲ, ಚಹಾ ತರಿಸಿಕೊಂಡು ಕುಡಿದಳಂತೆ.

ಹೋದ ವರ್ಷ ಬಾಯಿ ತೀರಿಕೊಂಡರು. ನಾವು ಹೋದಾಗ ಅವರ ಯಜಮಾನರು ಪಡಸಾಲೆಯಲ್ಲಿ, ಬಾಯಿಯನ್ನು ಮಲಗಿಸಿದ ಕಡೆ, ಗೋಡೆಗೆ ಒರಗಿ ಕೂತಿದ್ದರು. ನನ್ನ ಹೆಂಡತಿ ಪೇಟೆಯಿಂದ ಹಸಿರು ಬಳೆ ತಂದಿದ್ದಳು, ಸಡಿಲವಾದವಲ್ಲ, ಅವರ ಕೈಯ ಅಳತೆಯವೇ.

“ಇನ್ನ ತಗಿಯೂದಿಲ್ಲಲ್ರಿ ಬಾಯಾರ,” ಎಂದು ಒಂದೊಂದಾಗಿ ತೊಡಿಸಿದಳು. ತೊಡಿಸುವಾಗ ಅವಳ ಕೈಯ ಬಳೆಗಳು ಸದ್ದು ಮಾಡುತ್ತಲೇ ಇದ್ದವು.