ಬಲೆ ಹಾಸಿದ ಓಣಿಯ ಬಾಡಿಗೆ ಮನೆ

ಅದು ೧೯೬೧ನೇ ಇಸವಿ, ನವೆಂಬರ್ ತಿಂಗಳು. ವಾಮಂಜೂರಿನವನಾದ ನಾನು ಮಂಗಳೂರಿನ ಶಾಲೆಯೊಂದರಲ್ಲಿ ಆಗಷ್ಟೇ ಮಾಸ್ತರನಾಗಿದ್ದೆ. ತಾಯಿಯೊಂದಿಗೆ ಹಂಪನಕಟ್ಟೆಯ ಹತ್ತಿರ, ಬಸ್ಸಿನ ದಾರಿಗೆ ತಾಗಿಕೊಂಡಿದ್ದ ಒಂದೇ ಕೋಣೆಯಲ್ಲಿ ವಾಸ. ನಮ್ಮ ಕೊಂಕಣಿಯಲ್ಲಿ ತಾಯಿಗೆ ಮಾಯ್ ಎನ್ನುತ್ತೇವೆ. ಮಾಯಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ನಮ್ಮ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು.

ಒಂದು ಆದಿತ್ಯವಾರ ಇಗರ್ಜಿಯಿಂದ ಬರುವಾಗ ಹಿಂದಿನಿಂದ ಬಸ್ಸು ಬಂತು. ಮಾಯ್ ನನ್ನ ಬಲಕ್ಕೆ, ಎರಡು ಹೆಜ್ಜೆ ಮುಂದೆ ಇದ್ದಳು. ಡ್ರೈವರ್ ಹಾರ್ನ್ ಒತ್ತಿದ್ದು ನಿಜ, ಮೂರು ಸಲ ಒತ್ತಿದ. ನಾನು ಅವಳ ಮೊಣಕೈ ಹಿಡಿದು ಎಳೆದೆ. ಅವಳು ಉಳಿದಳು, ಕೊಡೆ ಉಳಿಯಲಿಲ್ಲ. ಅದು ಬಸ್ಸಿನ ಹಿಂಬದಿಯ ಏಣಿಗೆ ಸಿಕ್ಕಿ, ತಾನಾಗಿಯೇ ಬಿಚ್ಚಿಕೊಂಡು, ಟಿಕೇಟು ತೆಗೆದವರಂತೆ ಪಡೀಲಿನ ಕಡೆಗೆ ಹೋಯಿತು.

"ನನ್ನನ್ನು ಎಂತಕ್ಕೆ ಎಳೆಯುವುದು? ಕೊಡೆ ಎಲ್ಲಿ ಹಾಕಿದೆ ನೀನು?" ಎಂದು ಮಾಯ್ ಬೈದಳು.

ಮರುದಿನ ಶಾಲೆಯಲ್ಲಿ ಹಲಗೆಯ ಮೇಲೆ ಗೆರೆ ಎಳೆದರೆ ಅದು ನೆಟ್ಟಗೆ ಬರಲಿಲ್ಲ. ಒಬ್ಬಳೇ ಹೊರಗೆ ಹೋಗಬಾರದೆಂದು ಮಾಯಿಗೆ ಹೇಳಿದೆ. ಅವಳು ಮೂರು ದಿನ ನನ್ನ ತುಟಿಯ ಕಡೆ ನೋಡಲೇ ಇಲ್ಲ. ನಾಲ್ಕನೆಯ ದಿನ ಟ್ರಂಕಿಗೆ ಬಟ್ಟೆ ತುಂಬಿದಳು. "ಜೈಲಿನಲ್ಲಿ ಇರುವುದಕ್ಕಿಂತ ವಾಮಂಜೂರು ಒಳ್ಳೆಯದು." ಅಲ್ಲಿ ಅವಳಿಗೆ ಯಾರೂ ಇರಲಿಲ್ಲ. ಹದಿನೈದು ದಿನ ಅವಧಿ ಕೇಳಿಕೊಂಡೆ. ಅಷ್ಟರಲ್ಲಿ ಕಾರು, ಬಸ್ಸಿನ ಕಾಟವಿಲ್ಲದ ಮನೆ ಹುಡುಕಬೇಕಿತ್ತು.

ಮೊದಲು ನೋಡಿದ್ದು ಬಿಜೈಯ ಒಂದು ಮನೆ. ದಾರಿ ಏನೋ ಶಾಂತವಾಗಿತ್ತು. ಆದರೆ ಚಾವಡಿಯ ನಡುವೆ ಬಿಳಿ ಬಟ್ಟೆ ಹೊದ್ದ ಕಾರೊಂದು ನಿಂತಿತ್ತು.

"ಇದು ಓಡ್ತದಾ?" ಎಂದು ಕೇಳಿದೆ.

"ಇಲ್ಲ. ಆದರೆ ಇದಕ್ಕೆ ಬಿಸಿಲು ತಾಗಬಾರದು," ಎಂದರು ಯಜಮಾನರು.

"ಹಾಗಾದರೆ ನನ್ನ ತಾಯಿ ಮಲಗುವುದೆಲ್ಲಿ?"

ಅವರು ಸ್ವಲ್ಪ ಯೋಚಿಸಿ, "ಹಿಂದಿನ ಸೀಟು ಉಂಟಲ್ಲ, ಮೆತ್ತಗೆ ಉಂಟು," ಎಂದರು. ತಮಾಷೆಗೆ ಹೇಳಿದ್ದಲ್ಲ.

ಹದಿಮೂರನೆಯ ದಿನ ಪೈಗಳೆಂಬವರು ಬೋಳಾರದ ಹೊಳೆಬದಿಯಲ್ಲಿದ್ದ ತಮ್ಮ ಮನೆಯನ್ನು ತೋರಿಸಲು ನಮ್ಮಿಬ್ಬರನ್ನೂ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಓಣಿಯ ಬಾಯಿಯಲ್ಲಿ ಕಾರು ನಿಂತಿತು. ಒಂದು ತೆಂಗಿನ ಮರದಿಂದ ಇನ್ನೊಂದರವರೆಗೆ, ದಾರಿಯ ಉದ್ದಕ್ಕೂ ಮೀನಿನ ಬಲೆ ಹಾಸಿತ್ತು. ನಡುವೆ ಕುಳಿತ ಮುದುಕರೊಬ್ಬರು ಕಾಲಿನ ಹೆಬ್ಬೆರಳಿಗೆ ಬಲೆಯನ್ನು ಸಿಕ್ಕಿಸಿಕೊಂಡು ಹರಿದ ಕಡೆ ಹೆಣೆಯುತ್ತಿದ್ದರು. ಅವರ ಹೆಸರು ಬಾಬಣ್ಣ ಎಂದು ಆಮೇಲೆ ತಿಳಿಯಿತು. ಪೈಗಳು ಹಾರ್ನ್ ಒತ್ತಿದರು. ಬಾಬಣ್ಣ ತಲೆ ಎತ್ತಲಿಲ್ಲ. ಮುಂದೆ ನಡೆದ ಮಾತೆಲ್ಲ ತುಳುವಿನಲ್ಲಿ. ನೆನಪಿರುವಂತೆ ಬರೆಯುತ್ತೇನೆ.

"ಬಲೆ ತೆಗಿ ಮಾರಾಯ, ಕಾರು ಹೋಗಬೇಕು."

"ಬೆರಳು ತೆಗೆದರೆ ಹೆಣಿಗೆ ಸಡಿಲ ಆಗ್ತದೆ. ಇನ್ನು ಅರ್ಧ ಗಂಟೆ ಸಾಕು."

"ನಾನು ಆ ಮನೆಯ ಧನಿ."

"ಗೊತ್ತುಂಟು ಧನಿಗಳೇ. ಇಳಿದು ಬನ್ನಿ, ಈ ತುದಿ ಸ್ವಲ್ಪ ಹಿಡಿಯಿರಿ. ಇಬ್ಬರಾದರೆ ಬೇಗ ಮುಗೀತದೆ."

ಕೋಟು ತೊಟ್ಟಿದ್ದ ಪೈಗಳು ಇಳಿದರು. ಯಾಕೆ ಹಿಡಿದರೋ ಅವರಿಗೂ ಗೊತ್ತಿರಲಿಲ್ಲವೆಂದು ತೋರುತ್ತದೆ, ಆದರೆ ಹಿಡಿದರು. ಅತ್ತಿತ್ತ ತಿರುಗಿದಾಗಲೆಲ್ಲ "ಅಲುಗಾಡಬೇಡಿ" ಎಂದು ಬಾಬಣ್ಣ ಗದರಿಸುತ್ತಿದ್ದರು. ನಾನು ಮಾಯಿಯನ್ನು ಹುಡುಕಿದೆ. ಅವಳು ಆಗಲೇ ಬಲೆಯ ಅಂಚಿನಲ್ಲಿ, ಗೋಡೆ ಹಿಡಿಯದೆ ನಡೆದು ಹೋಗಿ, ಯಾರದೋ ಜಗಲಿಯಲ್ಲಿ ಕುಳಿತು ಬೆಲ್ಲ, ನೀರು ತೆಗೆದುಕೊಳ್ಳುತ್ತಿದ್ದಳು.

ಪೈಗಳು ಬಲೆ ಹಿಡಿದುಕೊಂಡೇ ನನ್ನ ಕ್ಷಮೆ ಕೇಳಿದರು. "ಈ ಓಣಿಯ ಕರ್ಮವೇ ಇದು, ಮಾಸ್ಟ್ರೇ. ಸಮುದ್ರಕ್ಕೆ ಹೋಗದ ದಿನವೆಲ್ಲ ಬಲೆ. ನಾನು ಮುನಿಸಿಪಾಲಿಟಿಗೆ ಬರೆದು ತೆಗೆಸ್ತೇನೆ."

"ದಯವಿಟ್ಟು ಬರೆಯಬೇಡಿ," ಎಂದೆ.

"ಟ್ಯಾಕ್ಸಿಯೂ ಬರುವುದಿಲ್ಲ."

"ಬಹಳ ಸಂತೋಷ."

ಪೈಗಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಎಂತ, ಪೊಲೀಸರ ಕೇಸು ಗೀಸು ಉಂಟಾ?" ಎಂದು ಕೇಳಿದರು.

ಕೊಡೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಬಾಬಣ್ಣ ಮೊದಲ ಸಲ ತಲೆ ಎತ್ತಿ, "ಇಲ್ಲಿ ಹಿಂದಿನಿಂದ ಬರುವವ ನಿಲ್ಲಬೇಕು. ಕೇಳುವವರಾದರೂ ಅಷ್ಟೇ, ಕೇಳದವರಾದರೂ ಅಷ್ಟೇ," ಎಂದು ಮತ್ತೆ ಬಲೆಗೆ ಬಗ್ಗಿದರು. ಮನೆ ನಮ್ಮದಾಯಿತು.

ಸುಮಾರು ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ದೋಣಿಗಳೆಲ್ಲ ಸಮುದ್ರಕ್ಕೆ ಹೋಗಿದ್ದವು. ಓಣಿಯಲ್ಲಿ ಬಲೆ ಇರಲಿಲ್ಲ. ನಾನು ಜಗಲಿಯಲ್ಲಿ ನಿಂತಿದ್ದೆ. ಮಾಯ್ ಹೊಸ ಕೊಡೆ ಹಿಡಿದು, ಓಣಿಯ ನಟ್ಟನಡುವೆ ನಿಧಾನವಾಗಿ ಬರುತ್ತಿದ್ದಳು. ಅವಳ ಹಿಂದೆ, ಎರಡು ಮಾರು ದೂರದಲ್ಲಿ, ಪೈಗಳ ಕಾರು ಬರುತ್ತಿತ್ತು. ಓಡಲು ಹೊರಟವನು ನಿಂತೆ.

ಹಾರ್ನ್ ಆಗಲಿಲ್ಲ. ಮಾಯ್ ಕೋಳಿಮರಿ ನೋಡಲು ನಿಂತಳು. ಕಾರೂ ನಿಂತಿತು. ಮಾಯ್ ಮೀನಿನವಳೊಬ್ಬಳ ಬುಟ್ಟಿಯಲ್ಲಿದ್ದ ಬಂಗುಡೆಯ ಕಿವಿರು ಎತ್ತಿ ನೋಡಿದಳು. ಪೈಗಳು ಎಂಜಿನ್ ಆಫ್ ಮಾಡಿ ಕಾದರು. ಜಗಲಿಗಳಲ್ಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಓಣಿಯ ಬಾಯಿಯಿಂದ ನಮ್ಮ ಮನೆಗೆ ಎಪ್ಪತ್ತು ಹೆಜ್ಜೆ. ಆ ದಿನ ಕಾರು ಅದನ್ನು ಹದಿನೆಂಟು ನಿಮಿಷದಲ್ಲಿ ದಾಟಿತು.

ಮೆಟ್ಟಿಲು ಹತ್ತಿ ಕೊಡೆ ಮಡಚುವಾಗ ಮಾಯ್ ತಿರುಗಿ ನೋಡಿದಳು.

"ಅರೆ, ಪೈಗಳು ಯಾವಾಗ ಬಂದದ್ದು?"

"ಈಗಷ್ಟೇ ಬಾಯಮ್ಮ," ಎಂದು ಪೈಗಳು ಬೆವರು ಒರೆಸಿಕೊಂಡರು.

ಮಾಯ್ ಹೋಗಿ ಎಷ್ಟೋ ವರ್ಷಗಳಾದವು. ಇಂದಿಗೂ ಹಿಂದಿನಿಂದ ಹಾರ್ನ್ ಕೇಳಿದರೆ ನನ್ನ ಬಲಗೈ ಅವಳ ಮೊಣಕೈಗಾಗಿ ಹುಡುಕುತ್ತದೆ. ಸಿಗುವುದಿಲ್ಲ. ಆಗ ಆ ಎಪ್ಪತ್ತು ಹೆಜ್ಜೆಗಳನ್ನು ನೆನೆದುಕೊಂಡು ದಾರಿಯ ಬದಿಗೆ ಸರಿಯುತ್ತೇನೆ.