ಬೇರೆಯವರು ಹಿಡಿಯಲೆಂದು ಹೊಲಿದ ಅಂಗಿ

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಬೀಳುವುದನ್ನು ಕಲಿಯುತ್ತಿದ್ದೆ, ಅದೂ ಒಬ್ಬಳೇ. ಪ್ರತಿ ಭಾನುವಾರ ಬೆಳಿಗ್ಗೆ ಟಿ.ಬಿ. ಡ್ಯಾಂನಿಂದ ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಕಂಪ್ಲಿಗೆ ಇನ್ನೊಂದು. ಕಂಪ್ಲಿಯಲ್ಲಿ ಕೆಲಸ ನಿಲ್ಲಿಸಿದ ಒಂದು ರೈಸ್ ಮಿಲ್ಲಿನ ಗೋದಾಮಿನಲ್ಲಿ ಪಿ.ಟಿ. ಟೀಚರೊಬ್ಬರು ಹೆಂಗಸರಿಗೆ ಬ್ರೆಜಿಲಿಯನ್ ಜಿಯು-ಜಿತ್ಸು ಹೇಳಿಕೊಡುತ್ತಿದ್ದರು. ಇದರಲ್ಲಿ ಗುದ್ದುವುದು, ಒದೆಯುವುದು ಇಲ್ಲ. ಎದುರಿನವರ ಕೊರಳಪಟ್ಟಿ, ತೋಳು ಹಿಡಿದು ಕೆಡವಬೇಕು, ಮೇಲೆ ಬಿದ್ದು ಅಲ್ಲಾಡದಂತೆ ಒತ್ತಿ ಹಿಡಿಯಬೇಕು.

ಆತ್ಮರಕ್ಷಣೆಗಾಗಿ ಸೇರುತ್ತಿದ್ದೇನೆ ಎಂದು ಟೀಚರಿಗೆ ಹೇಳಿದ್ದೆ. ಅದು ಸುಳ್ಳು. ಕಾಲುವೆ ಆಫೀಸಿನಲ್ಲಿ ಗುಮಾಸ್ತೆಯಾಗಿ, ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವ ನನ್ನ ತಂಟೆಗೆ ಯಾರೂ ಬರುತ್ತಿರಲಿಲ್ಲ. ಯಾರೂ ಬರುತ್ತಿರಲಿಲ್ಲ ಎಂಬುದೇ ನನ್ನ ದುಃಖ. ಅವ್ವ ತೀರಿಕೊಂಡ ಮೇಲಿನ ಮೂರು ವರ್ಷಗಳಲ್ಲಿ ನನ್ನ ಕೈಯನ್ನು ಹಿಡಿದವರು ಇಬ್ಬರೇ, ಬಳೆ ಇಡಿಸುವಾಕೆ ಮತ್ತು ಲ್ಯಾಬಿನಲ್ಲಿ ರಕ್ತ ತೆಗೆಯುವಾಕೆ. ಕಂಪ್ಲಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಹಿಡಿದು ಉರುಳಾಡುವುದನ್ನು ಸಹೋದ್ಯೋಗಿಯೊಬ್ಬಳ ಮೊಬೈಲಿನಲ್ಲಿ ನೋಡಿದೆ. ಆಕೆ ನಗುತ್ತಿದ್ದಳು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು.

ಮೊದಲ ದಿನವೇ ಜೊತೆಗಾತಿ ನನ್ನ ಚೂಡಿದಾರದ ಕತ್ತು ಹಿಡಿದಳು, ಅದು ಪರ್ರೆಂದು ಎದೆಯ ತನಕ ಹರಿಯಿತು. ಟೀಚರು ತಮ್ಮ ದುಪಟ್ಟಾ ಹೊದಿಸಿ, ಸಮವಸ್ತ್ರ ತರುವವರೆಗೆ ನನ್ನನ್ನು ಯಾರ ಜೊತೆಗೂ ಬಿಡುವಂತಿಲ್ಲ ಎಂದರು. ಉಳಿದ ಆರು ಜನ ಮೂರು ಜೋಡಿಯಾಗಿ ಉರುಳಾಡುತ್ತಿದ್ದರೆ ನಾನು ಗೋಡೆಯ ಪಕ್ಕ, ಪೆಟ್ಟಾಗದಂತೆ ಬೀಳುವ ಪಾಠ ಮಾಡುತ್ತಿದ್ದೆ. ಕೂತು ಹಿಂದಕ್ಕೆ ಬೀಳು, ಅಂಗೈಯಿಂದ ಚಾಪೆಗೆ ಬಡಿ, ಏಳು. ಇದಕ್ಕೆ ಎರಡು ಬಸ್ಸು ಹತ್ತಿ ಬರಬೇಕೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆ ಸಮವಸ್ತ್ರಕ್ಕೆ ಗೀ ಎನ್ನುತ್ತಾರೆ. ದಪ್ಪ ಹತ್ತಿಯ ಅಂಗಿ, ಪ್ಯಾಂಟು, ಸೊಂಟಕ್ಕೊಂದು ಪಟ್ಟಿ. ಹೊಸಪೇಟೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಮೊಬೈಲಿನಲ್ಲೇ ತರಿಸಬೇಕಾಯಿತು. ನಮ್ಮ ಮನೆಯಲ್ಲಿ ಬಟ್ಟೆ ತರುವುದೆಂದರೆ ಅವ್ವ, ಅಕ್ಕ, ನಾನು ಮೂವರೂ ಹೋಗಿ ಅಂಗಡಿಯ ಗಾದಿಯ ಮೇಲೆ ಕುಂತು, ಮೂವತ್ತು ಸೀರೆ ಬಿಚ್ಚಿಸಿ, ಸೆರಗನ್ನು ಒಬ್ಬರ ಹೆಗಲಿಗೊಬ್ಬರು ಹಾಕಿ ನೋಡಿ, ಜಗಳವಾಡಿ, ಕೊನೆಗೆ ಮೊದಲು ನೋಡಿದ್ದನ್ನೇ ತರುವುದು. ಈಗ ಅಡುಗೆಮನೆಯ ಕಟ್ಟೆಗೆ ಒರಗಿ ಅಂಗೈಯಗಲದ ಚಿತ್ರಗಳನ್ನು ಸರಿಸುತ್ತಿದ್ದೆ. ಚೆಂದ ಐತಿ ಎನ್ನುವವರೂ ಇಲ್ಲ, ಬ್ಯಾಡ ಎನ್ನುವವರೂ ಇಲ್ಲ.

ಒಂದೊಂದರ ಕೆಳಗೂ ಅದರ ಗುಣಗಾನ ಬರೆದಿದ್ದರು. ಈ ಅಂಗಿಯ ಕೊರಳಪಟ್ಟಿ ಎಷ್ಟು ಗಟ್ಟಿಯೆಂದರೆ ಎದುರಾಳಿಯ ಕೈಗೆ ಸಿಗುವುದಿಲ್ಲ, ಇದರ ತೋಳು ಎಷ್ಟು ಬಿಗಿಯೆಂದರೆ ಬೆರಳು ತೂರುವುದಿಲ್ಲ. ಓದಿ ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಕೈಗೆ ಸಿಗದಿರುವುದು ನನಗೆ ಬೇಕಾದಷ್ಟಾಗಿತ್ತು. ನಾನು ಮೆತ್ತನೆಯ ಕೊರಳಪಟ್ಟಿ, ಅಗಲ ತೋಳಿನದನ್ನು ಹುಡುಕಿದೆ. ಅದು ಹೊಸಬರಿಗೆ ಮಾತ್ರ ಎಂದು ಬರೆದಿತ್ತು. ಇರಲಿ, ನಾನೂ ಹೊಸಬಳೇ.

ಯಾವ ಬಣ್ಣ ಎಂದು ಕೇಳಲು ಸಂಡೂರಿನ ಅಕ್ಕನಿಗೆ ಫೋನ್ ಮಾಡಿದೆ. ಕುಸ್ತಿಯ ವಿಷಯ ಹೇಳುವ ಧೈರ್ಯವಾಗದೆ, ಡ್ರೆಸ್ಸು ಎಂದಷ್ಟೇ ಹೇಳಿದೆ. ಬಿಳಿ, ನೀಲಿ, ಕಪ್ಪು ಮೂರೇ ಇವೆ ಎಂದಾಗ, ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುವ ಊರಿನಾಕೆ ಸಹಜವಾಗಿಯೇ ಬಿಳಿ ಬ್ಯಾಡ ಎಂದಳು. ಕಪ್ಪೂ ಬ್ಯಾಡ, ಅದು ಒಳ್ಳೇದಲ್ಲ. ಹಾಗಾದರೆ ನೀಲಿ ಎಂದೆ. ಆಕೆಯ ಸೊಸೆ ಕರೆದಳೇನೋ, ಹೂಂ ಎಂದು ಫೋನ್ ಇಟ್ಟಳು. ಯಾಕೋ ಹಟ ಬಂತು, ಬಿಳಿಯನ್ನೇ ಒತ್ತಿದೆ.

ಉಳಿದಿದ್ದು ಅಳತೆ. ಎತ್ತರ ಕೊಟ್ಟರೆ ಸೈಜು ಹೇಳುತ್ತಿದ್ದರು. ಒಬ್ಬರೇ ಇರುವವರು ತಮ್ಮ ಎತ್ತರ ಅಳೆದು ನೋಡಲಿ, ಎಷ್ಟು ಕಷ್ಟವೆಂದು ತಿಳಿಯುತ್ತದೆ. ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತದೆ. ಕೊನೆಗೆ ಆಫೀಸಿನ ಸ್ಟೋರಿಗೆ ಹೋದೆ. ಅಲ್ಲಿ ಕಾಲುವೆಯ ನೀರಿನ ಮಟ್ಟ ನೋಡುವ ಗೇಜು ಪಟ್ಟಿಯೊಂದನ್ನು ಗೋಡೆಗೆ ಆನಿಸಿ ಇಟ್ಟಿದ್ದರು, ಅಡಿ, ಇಂಚು ಬರೆದ ಉದ್ದನೆಯದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಮುಂದಕ್ಕೆ ಮಾಡಿ, ಪಟ್ಟಿಯ ಪಕ್ಕ ನಿಂತು, ನೆತ್ತಿಯ ಮೇಲೊಂದು ರಿಜಿಸ್ಟರು ಇಟ್ಟು, ಅದರ ಅಂಚು ತಾಗಿದ ಗೆರೆ ಓದಿಕೊಂಡೆ. ಒಗೆದರೆ ಕುಗ್ಗೀತೆಂದು ಒಂದು ಸೈಜು ಸೇರಿಸಿ ಕಳಿಸಿದೆ.

ಪಾರ್ಸೆಲ್ಲು ಬಂದಾಗ ಅಂಗಿಯ ತೋಳು ನನ್ನ ಬೆರಳ ತುದಿಯನ್ನೂ ದಾಟಿತ್ತು, ಪ್ಯಾಂಟು ನೆಲ ಗುಡಿಸುತ್ತಿತ್ತು. ತಪ್ಪು ಎಲ್ಲಾಯಿತೆಂದು ತಿಳಿಯಲು ಒಂದು ದಿನ ಬೇಕಾಯಿತು. ಆ ಗೇಜು ಓರೆಯಾಗಿ ನಿಂತಿತ್ತು. ಓರೆ ನಿಂತ ಗೇಜು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹದಿನೈದು ವರ್ಷಗಳಿಂದ ಕಾಲುವೆಗೆ ನೀರು ಬಿಡುವ ಸೌಡಿಗಳು ಫೋನಿನಲ್ಲಿ ನೀರಿನ ಮಟ್ಟ ಹೇಳಿದಾಗಲೆಲ್ಲ, ಗೇಜು ನೆಟ್ಟಗೆ ಐತೇನು ನೋಡ್ರಿ ಎಂದು ಬೈಯುತ್ತ ಬಂದವಳು ನಾನೇ! ಅವತ್ತು ಪಕ್ಕದಲ್ಲಿ ಒಬ್ಬರಾದರೂ ನಿಂತಿದ್ದರೆ ಹೇಳುತ್ತಿದ್ದರು.

ವಾಪಸು ಕಳಿಸಿದರೆ ಇನ್ನೆರಡು ಭಾನುವಾರ ಗೋಡೆಯ ಪಕ್ಕವೇ. ಅದು ನನ್ನಿಂದ ಆಗುತ್ತಿರಲಿಲ್ಲ. ಬಿಸಿನೀರಲ್ಲಿ ನೆನೆಸಿ ಒಗೆದೆ, ಅಷ್ಟೇನೂ ಕುಗ್ಗಲಿಲ್ಲ. ಹೊಸ ಬಟ್ಟೆ ಉಡುವ ಮೊದಲು ಅವ್ವ ಮೂಲೆಗೆ ಅರಿಷಿಣ ಹಚ್ಚುತ್ತಿದ್ದಳು. ನಾನೂ ಅಂಗಿಯ ಒಳಮಡಿಕೆಗೆ ಒಂದು ಬೊಟ್ಟು ಹಚ್ಚಿ, ದೇವರ ಮುಂದಿಟ್ಟು, ಚೀಲಕ್ಕೆ ತುಂಬಿದೆ.

ಗೋದಾಮಿನಲ್ಲಿ ನನ್ನನ್ನು ನೋಡಿ ಎಲ್ಲರೂ ನಕ್ಕರು, ಟೀಚರೂ ನಕ್ಕರು. ಇವತ್ತೂ ಬಿಡುವುದಿಲ್ಲವೇನೋ ಎಂದುಕೊಂಡೆ. ಆದರೆ ಟೀಚರು ನನ್ನನ್ನು ಗಾದಿಗನೂರಿನ ಹುಡುಗಿಯ ಜೊತೆ ನಿಲ್ಲಿಸಿದರು. ಅದಿರು ಲಾರಿಗಳನ್ನು ತೂಗುವ ಕಾಟಾದಲ್ಲಿ ಕೆಲಸ ಮಾಡುವವಳು, ಇಪ್ಪತ್ತಾರಿರಬಹುದು, ಗಟ್ಟಿ ಆಳು. ಆಕೆ ನನ್ನ ಅಂಗಿಯ ಎರಡೂ ತೋಳುಗಳನ್ನು ಮಣಿಕಟ್ಟಿನ ತನಕ ಮಡಿಚಿದಳು, ಮಂಡಿಯೂರಿ ಪ್ಯಾಂಟನ್ನೂ ಮಡಿಚಿದಳು. ಅವ್ವ ನನ್ನ ಸೀರೆಯ ನೆರಿಗೆ ಸರಿಮಾಡುತ್ತಿದ್ದುದು ಹೀಗೇ ಕುಂತು. ನಾನು ಛಾವಣಿ ನೋಡುತ್ತ ನಿಂತೆ.

ಆಮೇಲೆ ಕೊರಳಪಟ್ಟಿ ಹಿಡಿದು ನನ್ನನ್ನು ಕೆಡವಿದಳು. ಚೆನ್ನಾಗಿಯೇ ಬಿದ್ದೆ. ನನ್ನ ಎದೆಗೆ ಅಡ್ಡಲಾಗಿ ಮಲಗಿ, ಒಂದು ಕೈಯನ್ನು ನನ್ನ ತಲೆಯ ಕೆಳಗೆ ತೂರಿಸಿ, ಇನ್ನೊಂದರಿಂದ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿದು ಒತ್ತಿದಳು. ಆಕೆಯ ಮೈಯಿಂದ ಬೆವರು, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ತಡೆಯಲಾಗದಾಗ ಎರಡು ಸಲ ತಟ್ಟಬೇಕು, ತಟ್ಟಿದ ಕೂಡಲೇ ಬಿಡಬೇಕು, ಅದು ಈ ಆಟದ ನಿಯಮ. ಎದೆ ಭಾರವಾಗಿ ಉಸಿರು ಸಣ್ಣದಾಯಿತು. ನನ್ನ ಕೈ ಆಕೆಯ ಬೆನ್ನ ಮೇಲೇ ಇತ್ತು. ತಟ್ಟಲಿಲ್ಲ.

ಆಕೆಗೆ ಗಾಬರಿಯಾಯಿತು. ಮುಖ ಎತ್ತಿ ನೋಡಿದಳು. ನನ್ನ ಕಣ್ಣಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು.

"ಯಾಕ್ರಿ ಅಕ್ಕಾರ, ಭಾಳ ನೋವಾತೇನು? ತಟ್ಟಬೇಕಿತ್ತಲ್ರಿ," ಎಂದು ಹಿಡಿತ ಸಡಿಲಿಸಹೋದಳು.

"ನೋವಿಲ್ಲವ್ವ," ಎಂದೆ. "ಬಿಡಬ್ಯಾಡ. ಇನ್ನೊಂದೀಟು ಹಂಗ ಹಿಡ್ಕೊ."