ಮಾದಿಯ ಹೆಸರಿನ ಡಬ್ಬಿ

ಚಲುವಮ್ಮನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಬೆಳಗಿನ ಹಾಜರಿಯಲ್ಲಿ ಯಾವ ಹೆಂಗಸಿನ ಹೆಸರು ಕೂಗಿದಾಗ ಉತ್ತರ ಬರದಿದ್ದರೂ ಇವಳು ಹಿಂದಿನ ಸಾಲಿನಿಂದ "ಬಂದವ್ಳೆ" ಅನ್ನುತ್ತಿದ್ದಳು. ಒಬ್ಬಳಿಗೆ ಮೈ ಸರಿಯಿಲ್ಲ, ಇನ್ನೊಬ್ಬಳ ಮಗುವಿಗೆ ಜ್ವರ, ಹೀಗೆ ದಿನಕ್ಕೊಂದು. ಬಾರದವಳ ಸಾಲಿನ ಕಾಫಿ ಹಣ್ಣನ್ನೂ ತಾನೇ ಕುಯ್ದು ಚೀಲ ತುಂಬಿಸುತ್ತಿದ್ದಳು. ಕೂಲಿಯವರ ಮನೆಗಳ ಸಾಲಾದ ಲೈನಿನಲ್ಲಿ ಅದನ್ನು ಯಾರೂ ಸುಳ್ಳು ಅಂದುಕೊಂಡಿರಲಿಲ್ಲ.

ನಾನು ಆ ಎಸ್ಟೇಟಿನ ಹಾಜರಿ ಬರೆಯುವ ರೈಟರ್, ಗಾಳಿಬೀಡಿನ ಪದ್ಮಯ್ಯ. ಪುಸ್ತಕ ನನ್ನ ಕೈಯಲ್ಲಿ, ಕಣ್ಣು ನನ್ನ ಮುಖದಲ್ಲಿ. ಕಾಣದೆ ಇರುತ್ತದೆಯೇ? ಕೆಲಸ ಆಗುತ್ತಿತ್ತು, ಸುಮ್ಮನಿದ್ದೆ. ಯಾವ ಎಸ್ಟೇಟಿನ ರೈಟರೂ ಇಷ್ಟು ಮಾಡಿಯೇ ಇರುತ್ತಾನೆ. ಇಲ್ಲ ಅಂದವನ ಮಾತನ್ನು ನಾನು ನಂಬುವುದಿಲ್ಲ.

ಚಲುವಮ್ಮ ಅರಕಲಗೂಡಿನ ಕಡೆಯವಳು. ಗಂಡನ ಜೊತೆ ಕೊಡ್ಲಿಪೇಟೆಗೆ ಬಂದಳು, ಎರಡು ವರ್ಷಕ್ಕೆ ಗಂಡ ಸತ್ತ, ಇವಳು ಲೈನಿನಲ್ಲೇ ಉಳಿದಳು. ಮಕ್ಕಳಿಲ್ಲ. ಗೋಡೆಯಾಚೆ ಮಾದಿಯ ಮನೆ. ಒಬ್ಬಳು ಸಾರು ಮಾಡಿದರೆ ಇಬ್ಬರಿಗೂ ಆಗುತ್ತಿತ್ತು. ಅದಕ್ಕಿಂತ ಹೆಚ್ಚು ಹೇಳಿಕೊಳ್ಳುವ ಬದುಕು ಅವಳದಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ನವೆಂಬರಿನಲ್ಲಿ ಒಂದು ಜೀಪು ಬಂತು. ಅದರಲ್ಲಿ ಬಂದ ಆರೋಗ್ಯ ಇಲಾಖೆಯ ಸಣ್ಣಸ್ವಾಮಿ ಮೈಸೂರಿನವನು, ಬೆಂಗಳೂರಿನಲ್ಲಿ ಹೊರದೇಶದ ಡಾಕ್ಟರುಗಳ ಹತ್ತಿರ ಕ್ಷಯದ ಕೆಲಸ ಕಲಿತು ಬಂದವನು. ಜೀಪು ಯುನಿಸೆಫ್ ಕೊಟ್ಟಿದ್ದು, ಮಾತ್ರೆ ಹಡಗಿನಲ್ಲಿ ಬಂದದ್ದು, ಸೂಕ್ಷ್ಮದರ್ಶಕ ಇನ್ಯಾವುದೋ ದೇಶದ್ದು ಎಂದು ಹೆಮ್ಮೆಯಿಂದ ಹೇಳಿದ. ಎಷ್ಟು ದೇಶ ಸೇರಿದವೋ, ಕೊನೆಗೆ ಕಫ ಹಿಡಿಯುವ ಡಬ್ಬಿಗಳ ಮೇಲೆ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಾಜರಿಯ ಹೊತ್ತಿಗೇ ಮಾಡಿ ಮುಗಿಸೋಣ, ಆಗ ಎಲ್ಲರೂ ಸಿಗುತ್ತಾರೆ ಎಂದು ನಾನೇ ಸಲಹೆ ಕೊಟ್ಟಿದ್ದೆ.

ಕೆಮ್ಮಿರುವವರು, ಜ್ವರ ಬಂದುಹೋಗುವವರು ಎದೆಯಿಂದ ಕೆಮ್ಮಿ ಕಫ ತೆಗೆದು ಡಬ್ಬಿಗೆ ಹಾಕಬೇಕು, ಬಾಯಿಯ ಎಂಜಲು ಆಗುವುದಿಲ್ಲ ಎಂದು ಸಣ್ಣಸ್ವಾಮಿ ಹೇಳಿಕೊಟ್ಟ. ಹನ್ನೊಂದು ಹೆಸರು. ಮಾದಿಯ ಹೆಸರು ಕೂಗಿದೆ. ಮಾದಿ ಎರಡು ತಿಂಗಳಿಂದ ಕೆಮ್ಮುತ್ತಿದ್ದಳು. ಕಾಯಿಲೆ ಅಂತ ಬರೆದರೆ ಲೈನಿನಿಂದ ಎಬ್ಬಿಸುತ್ತಾರೆ ಎಂದು ಹೆದರಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು.

"ಬಂದವ್ಳೆ" ಅಂದಳು ಚಲುವಮ್ಮ.

ಅವಳೂ ಸ್ವಲ್ಪ ಕೆಮ್ಮುತ್ತಿದ್ದಳು, ಅವಳಿಗೂ ಒಂದು ಡಬ್ಬಿಯಿತ್ತು. ಆದರೆ ಮೊದಲು ಮಾದಿಯ ಡಬ್ಬಿ ತೆಗೆದುಕೊಂಡಳು. ಗೆಳತಿಯ ಕೆಲಸ, ಸರಿಯಾಗಿ ಆಗಬೇಕು. ಗೋಡೆಗೆ ಕೈಕೊಟ್ಟು ಬಗ್ಗಿ, ಎದೆಯ ತಳದಿಂದ ಕೆಮ್ಮಿ ತುಂಬಿಸಿದಳು. ತನ್ನ ಡಬ್ಬಿಯ ಹೊತ್ತಿಗೆ ಏನೂ ಉಳಿದಿರಲಿಲ್ಲ. ಒಂದಿಷ್ಟು ಎಂಜಲು ಉಗುಳಿ ಮುಚ್ಚಳ ಹಾಕಿದಳು. ಸಣ್ಣಸ್ವಾಮಿ ಆಗ ಜೀಪಿನ ಹತ್ತಿರವಿದ್ದ. ನಾನು ನೋಡುತ್ತಲೇ ಇದ್ದೆ.

ಹತ್ತು ದಿನಕ್ಕೆ ಪಟ್ಟಿ ಬಂತು. ಒಬ್ಬಳಿಗೆ ಮಾತ್ರ ಕ್ಷಯ. ಮಾದಿ.

ಮಾದಿಯನ್ನು ಯಾರೂ ಲೈನಿನಿಂದ ಎಬ್ಬಿಸಲಿಲ್ಲ. ಮನೆಯಲ್ಲೇ ಇದ್ದು, ಕೆಲಸ ಮಾಡಿಕೊಂಡು, ಒಂದೂವರೆ ವರ್ಷ ಮಾತ್ರೆ ತಿನ್ನಬೇಕು ಅಷ್ಟೇ ಎಂದರು. ಲೈನಿನವರು ಸಮಾಧಾನಪಟ್ಟರು. ಚಲುವಮ್ಮನಿಗಂತೂ ತಾನೇ ಮಾತ್ರೆ ಕೊಡಿಸಿದಷ್ಟು ಖುಷಿ. ದಿನಾ ಬೆಳಿಗ್ಗೆ ಮಾದಿಯ ಎದುರು ನಿಂತು ನುಂಗಿಸುತ್ತಿದ್ದಳು.

ನನಗೆ ಎಷ್ಟು ಹೊತ್ತಿಗೆ ಅರ್ಥವಾಯಿತು ಎಂದು ಕೇಳಿದರೆ, ಪಟ್ಟಿ ಓದಿದ ಗಳಿಗೆಯಲ್ಲೇ. ಆ ಡಬ್ಬಿಯಲ್ಲಿ ಇದ್ದದ್ದು ಚಲುವಮ್ಮನ ಕಫ. ಕಾಯಿಲೆ ಅವಳದು. ಒಂದು ಮಾತು ಹೇಳಿದ್ದರೆ ಮಾರನೆಯ ದಿನವೇ ಅವಳಿಗೂ ಮಾತ್ರೆ ಸಿಗುತ್ತಿತ್ತು. ಆದರೆ ಹೇಳಿದ್ದರೆ, ಮಾದಿಯ ಬದಲು ಅವಳು ಯಾಕೆ ಉಗುಳಿದಳು, ನೀನೇನು ಮಾಡುತ್ತಿದ್ದೆ, ಈ ಪುಸ್ತಕದ ಹಾಜರಿಯಲ್ಲಿ ಎಷ್ಟು ನಿಜ ಎಂದು ಎಸ್ಟೇಟಿನ ಸಾಹುಕಾರರು ಕೇಳುತ್ತಿದ್ದರು. ನನಗೆ ಹೆದರಿಕೆಯಾಯಿತು. ಹಣ್ಣಿನ ಪಿಕಿಂಗ್ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿಗೆ ಸಾಕ್ಷಿ ಬೇಕಾಗುವುದಿಲ್ಲ.

ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಮಾದಿಗೆ ನಿಜವಾಗಿ ಆ ಕಾಯಿಲೆ ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಾತ್ರೆ ತಿಂದಳು, ಕೆಮ್ಮು ನಿಂತಿತು, ಕೆನ್ನೆ ತುಂಬಿಕೊಂಡಿತು. ಚಲುವಮ್ಮನ ರವಿಕೆ ತೋಳಿನಲ್ಲಿ ಸಡಿಲವಾಯಿತು. ಮೊದಲು ಎರಡು ಸಾಲು ಕುಯ್ಯುತ್ತಿದ್ದವಳು ತನ್ನದೇ ಸಾಲು ಮುಗಿಸದೆ ಗಿಡದ ಬುಡದಲ್ಲಿ ಕೂರತೊಡಗಿದಳು. ಅವಳ ಚೀಲವನ್ನು ಈಗ ಮಾದಿ ತುಂಬಿಸುತ್ತಿದ್ದಳು.

ಫೆಬ್ರವರಿಯಲ್ಲಿ ಚಲುವಮ್ಮ ಸೆರಗಿಗೆ ಕೆಮ್ಮಿದ್ದು ಕೆಂಪಾಗಿತ್ತು. ಕಾಫಿ ಒಣಗಿಸುವ ಕಣದ ಹತ್ತಿರ ಅವಳೊಬ್ಬಳನ್ನೇ ನಿಲ್ಲಿಸಿ ಎಲ್ಲ ಹೇಳಿದೆ. ಡಬ್ಬಿ, ಪಟ್ಟಿ, ನಾನು ಸುಮ್ಮನಿದ್ದದ್ದು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗನ್ನು ಮಡಚಿ ಒಳಗೆ ಸಿಕ್ಕಿಸಿಕೊಂಡಳು.

"ಗೊತ್ತು ರೈಟ್ರೇ. ಪಟ್ಟಿ ಓದಿ ನನ್ ಮಕ ನೋಡಿದ್ರಲ್ಲ, ಆವತ್ತೇ ಅನುಮಾನ ಬಂತು."

ಹಾಗಿದ್ದರೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನನ್ನ ದನಿ ಜೋರಾಗಿತ್ತು. ನನಗೆ ಕೋಪ ಬಂದಿತ್ತು, ಅದೂ ಅವಳ ಮೇಲೆ.

"ಡಬ್ಬಿ ಅವಳದಲ್ಲ ಅಂದ್ರೆ ಮಾತ್ರೆ ಕಿತ್ಕೊಂಡ್ ಹೋಯ್ತಾರೆ. ಅವಳ್ಗೆ ವಾಸಿ ಆಯ್ತಾ ಐತೆ. ಹೆಸ್ರು ಅಳಿಸಬ್ಯಾಡಿ."

ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಇನ್ನೊಂದು ಡಬ್ಬಿ ಕೊಡುತ್ತಿದ್ದರು, ಅಷ್ಟೇ. ಅದನ್ನು ಅವಳಿಗೆ ಹೇಳಬೇಕಾಗಿದ್ದವನು ನಾನು, ನವೆಂಬರಿನಲ್ಲಿ.

ಆವತ್ತೇ ಮಡಿಕೇರಿಯ ಆರೋಗ್ಯ ಇಲಾಖೆಗೆ ಕಾಗದ ಬರೆದೆ. ಮಾರ್ಚ್ ಕೊನೆಯಲ್ಲಿ ಜೀಪು ಬಂತು. ಸಣ್ಣಸ್ವಾಮಿ ನನ್ನ ಮಾತು ಪೂರ್ತಿ ಕೇಳಿ, ಮಾದಿಯ ಮಾತ್ರೆ ಮುಂದುವರಿಸಿ, ಚಲುವಮ್ಮನಿಗೆ ಹೊಸ ಡಬ್ಬಿ ಕೊಟ್ಟ. ಈ ಸಲ ಡಬ್ಬಿಯ ಮೇಲಿನ ಹೆಸರೂ ಒಳಗಿನದೂ ಒಂದೇ ಆಗಿತ್ತು. ಮಾತ್ರೆ ಬಂತು, ಇಂಜೆಕ್ಷನ್ನೂ ಬಂತು. ಮಾದಿ ಎದುರು ನಿಂತು ನುಂಗಿಸಿದಳು. ಇವಳು ಏಳು ವಾರ ತಿಂದಳು. ಹೊತ್ತು ಮೀರಿತ್ತು. ಮೇ ಕೊನೆಯಲ್ಲಿ ಚಲುವಮ್ಮ ಹೋದಳು.

ಸಾಹುಕಾರರಿಗೆ ವಿಷಯ ತಿಳಿಯಿತು. ಪಾಪ ಅಂದರು, ಬೇರೆಯವರಿಗೆ ಹರಡಿಲ್ಲವಷ್ಟೇ ಎಂದು ವಿಚಾರಿಸಿದರು. ಪುಸ್ತಕ ತರಿಸಲಿಲ್ಲ. ಮೂರು ತಿಂಗಳು ನಾನು ಹೆದರಿಕೊಂಡಿದ್ದ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ನನಗೆ ಅಳು ಬರಲಿಲ್ಲ. ಊಟ ಮಾಡಿದೆ, ಕೆಲಸಕ್ಕೆ ಹೋದೆ.

ಜೂನಿನ ಮೊದಲ ಸೋಮವಾರ ಕಳೆ ತೆಗೆಯುವ ಕೆಲಸಕ್ಕೆ ಹಾಜರಿ. ಹೆಸರು ಹೊಡೆದುಹಾಕಿರಲಿಲ್ಲ. ಇಷ್ಟು ವರ್ಷದ ರೂಢಿ, ಬಾಯಿ ತಾನಾಗಿ ಕೂಗಿತು, ಚಲುವಮ್ಮ ಎಂದು. ಕೂಗಿದ ಮೇಲೆ ಗೊತ್ತಾಯಿತು. ಮುಂದಿನ ಹೆಸರಿನ ಮೇಲೆ ಬೆರಳಿಟ್ಟೆ.

ಹಿಂದಿನ ಸಾಲಿನಲ್ಲಿ ಮಾದಿ ನಿಂತಿದ್ದಳು.

"ಬಂದವ್ಳೆ" ಅಂದಳು.

ಯಾರೂ ತಿರುಗಿ ನೋಡಲಿಲ್ಲ. ನಾನು ಹಾಜರಿ ಹಾಕಿ ಮುಂದಿನ ಹೆಸರು ಕೂಗಿದೆ.